ಮಂಜು ಕುಡಿದ ಜೀರುಂಡೆ ಯಾವುದು?

ಶಂಕರಪುರದ ಮಲ್ಲಿಗೆ ಗಿಡಗಳಿಗೆ ಬೇಸಿಗೆಯಲ್ಲಿ ಬಾವಿ ನೀರೇ ಗತಿ. ಆಟಿ ತಿಂಗಳಲ್ಲಿ ಮಾತ್ರ ಅದೇ ಹಿತ್ತಲಿನ ಕೆಸುವಿನೆಲೆ ಮಳೆಹನಿಯನ್ನು ಮಣಿಯಂತೆ ಉರುಳಿಸಿಬಿಡುತ್ತದೆ. ಪತ್ರೊಡೆಗೆ ಎಲೆ ಕೊಯ್ದವರೆಲ್ಲ ಕಂಡದ್ದೇ. ನೀರನ್ನು ನೂಕುವ ಈ ಗುಣದ ಜೊತೆಗೆ ಸೆಳೆಯುವ ಗುಣವೂ ಸೇರಿದರೆ ಮಂಜನ್ನೇ ನೀರಾಗಿಸಬಹುದು ಎಂಬ ಯೋಚನೆ ಬಂದದ್ದು ಆಫ್ರಿಕಾದ ನಮೀಬ್ ಮರುಭೂಮಿಯಿಂದ.

ಅಲ್ಲಿನ ಒನಿಮ್ಯಾಕ್ರಿಸ್ ಎಂಬ ಜೀರುಂಡೆ ತಲೆ ತಗ್ಗಿಸಿ ನಿಂತು, ಬೆನ್ನಿನಿಂದ ಇಳಿದ ಮಂಜಿನ ನೀರು ಕುಡಿಯುವುದನ್ನು 1976ರಲ್ಲಿ ಹ್ಯಾಮಿಲ್ಟನ್ ಮತ್ತು ಸೀಲಿ ವರದಿ ಮಾಡಿದರು. 2001ರಲ್ಲಿ ಪಾರ್ಕರ್ ಮತ್ತು ಲಾರೆನ್ಸ್ ಬೇರೊಂದು ಜೀರುಂಡೆಯ ಬೆನ್ನನ್ನು ತೋರಿಸಿದರು: ನೀರು ಸೆಳೆಯುವ ಉಬ್ಬುಗಳು, ಸುತ್ತ ಮೇಣದ ತಗ್ಗು. ಅದನ್ನು ಅನುಕರಿಸಿ 2006ರಲ್ಲಿ ಎಂಐಟಿಯಲ್ಲಿ ಕೃತಕ ಮೇಲ್ಮೈಯೊಂದು ತಯಾರಾಯಿತು. ಎಡವಟ್ಟು ತಿಳಿದದ್ದು 2010ರಲ್ಲಿ. ನಾಲ್ಕು ಜಾತಿಗಳ ಪರೀಕ್ಷೆಯಲ್ಲಿ ಮಂಜಿಗೆ ತಲೆ ತಗ್ಗಿಸಿದ್ದು ಉಬ್ಬೇ ಇಲ್ಲದ ಒನಿಮ್ಯಾಕ್ರಿಸ್ ಒಂದೇ! ಉಬ್ಬಿನ ಮೇಲ್ಮೈಗಳು ಅಷ್ಟರಲ್ಲಿ ಪ್ರಯೋಗಾಲಯಗಳಲ್ಲಿ ನೀರು ಹಿಡಿಯತೊಡಗಿದ್ದವು.