ಶೆಡ್ಡಿನ ಕಾರು, ಸರ್ಕಾರದ ಅಳತೆಗೋಲು

ಬಿಡಿಭಾಗಗಳನ್ನು ಕೊಂಡು ತಂದು, ಮನೆಯ ಶೆಡ್ಡಿನಲ್ಲೇ ಕಾರು ಜೋಡಿಸಿ, ನೋಂದಾಯಿಸಿ ರಸ್ತೆಗಿಳಿಸುವ ಹವ್ಯಾಸ ಬ್ರಿಟನ್ನಿನಷ್ಟು ಬೇರೂರಿದ ದೇಶ ಅಪರೂಪ. ಅದರ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಹವ್ಯಾಸಿಗಳ ಹುಮ್ಮಸ್ಸನ್ನು, ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್‌ರಂಥವರ ಎಂಜಿನಿಯರಿಂಗ್ ಜಾಣ್ಮೆಯನ್ನು ಕೊಂಡಾಡುತ್ತಾರೆ. ಸರ್ಕಾರ ಈ ಕಥೆಯೊಳಗೆ ಬರುವುದು ಅಡ್ಡಗಾಲು ಹಾಕುವ ಖಳನಾಗಿ ಮಾತ್ರ. ನನಗೆ ಈ ಹಂಚಿಕೆ ಒಪ್ಪಿತವಲ್ಲ. ಇಂಥ ಕಿಟ್ ಕಾರನ್ನು ವ್ಯಾಪಾರವಾಗಿ ಬೆಳೆಸಿದ್ದು ಒಂದು ತೆರಿಗೆ ಕಾನೂನು. ಅದು ಈವರೆಗೆ ಉಳಿದಿದ್ದರೆ ಅದಕ್ಕೆ ಬಹುಪಾಲು ಕಾರಣ, ಹವ್ಯಾಸಿಗಳು ಶಪಿಸುತ್ತ ಬಂದ ತಪಾಸಣೆಯ ಕಾನೂನು.

ಎರಡನೇ ಮಹಾಯುದ್ಧದ ನಡುವೆ, 1940ರಲ್ಲಿ, ಬ್ರಿಟನ್ ಖರೀದಿ ತೆರಿಗೆಯನ್ನು ಜಾರಿಗೆ ತಂದಿತು. ಯುದ್ಧ ಮುಗಿದರೂ ತೆರಿಗೆ ಹೋಗಲಿಲ್ಲ. 1950ರ ದಶಕದ ಬಹುಭಾಗದಲ್ಲಿ ಹೊಸ ಕಾರಿನ ಸಗಟು ಬೆಲೆಯ ಮೇಲೆ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸರ್ಕಾರಕ್ಕೆ ಸಲ್ಲುತ್ತಿತ್ತು. ಆದರೆ ಈ ತೆರಿಗೆ ಇದ್ದದ್ದು ಪೂರ್ತಿ ತಯಾರಾದ ಕಾರಿಗೆ. ಬಿಡಿಭಾಗಗಳ ರಾಶಿಗೆ ಅಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಈ ಕಿಂಡಿಯಲ್ಲೇ ನುಗ್ಗಿತು. ಜೋಡಿಸುವ ಕೈಪಿಡಿ ಕೊಟ್ಟರೆ ರಾಶಿಯೂ ಕಾರೇ ಆಗಿಬಿಡುತ್ತದೆಂದು ಚಾಪ್‌ಮನ್ ಬಿಚ್ಚುವ ಕೈಪಿಡಿ ಕೊಟ್ಟರು, ಕೊಂಡವರು ಅದನ್ನು ಹಿಂದುಮುಂದಾಗಿ ಓದಿಕೊಂಡರು ಎಂಬುದು ಈ ವಲಯದಲ್ಲಿ ಎಲ್ಲರೂ ಹೇಳುವ ಕಥೆ. ಏನೇ ಇರಲಿ, ಕಾರಿನ ಸರಳತೆಗೂ ತೆರಿಗೆಗೂ ನಂಟಿತ್ತು: ಸಾಮಾನ್ಯ ಉಪಕರಣಗಳಲ್ಲಿ ಮನೆಯಲ್ಲೇ ಜೋಡಿಸಲು ಬರದಿದ್ದರೆ ಈ ರಿಯಾಯಿತಿಯಿಂದ ಯಾರಿಗೂ ಲಾಭವಿರಲಿಲ್ಲ. 1962ರಲ್ಲಿ ತೆರಿಗೆ 25 ಪ್ರತಿಶತಕ್ಕೆ ಇಳಿಯಿತು. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಬಿಡಿಭಾಗಗಳ ಮೇಲೂ ಬಿತ್ತು. ಅದೇ ವರ್ಷ ಲೋಟಸ್ ಸೆವೆನ್‌ನ ಹಕ್ಕುಗಳನ್ನು ಕೇಟರ್‌ಹ್ಯಾಮ್ ಸಂಸ್ಥೆಗೆ ಕೊಟ್ಟು ಕೈತೊಳೆದುಕೊಂಡಿತು.

ತೆರಿಗೆಯ ಲೆಕ್ಕದಾಚೆ ಬಡವರ ದಾರಿಯೊಂದಿತ್ತು. ಹಳೆಯ ಆಸ್ಟಿನ್ ಸೆವೆನ್ ಅಥವಾ ಫೋರ್ಡ್ ಪಾಪ್ಯುಲರ್ ಕೊಂಡು, ತುಕ್ಕು ಹಿಡಿದ ಮೈಯನ್ನು ಕಿತ್ತೆಸೆದು, ಚಾಸಿಯ ಮೇಲೆ ಫೈಬರ್‌ಗ್ಲಾಸ್ ಮೈ ಕೂರಿಸುವುದು. ಹೊರಗೆ ರೇಸಿನ ಕಾರಿನ ಠೀವಿ, ಒಳಗೆ ಅದೇ ಹಳೆಯ ಬ್ರೇಕು. 1960ರಲ್ಲಿ ಹತ್ತು ವರ್ಷ ದಾಟಿದ ವಾಹನಗಳಿಗೆ ಬ್ರೇಕು, ದೀಪ, ಸ್ಟೀರಿಂಗ್ ಪರೀಕ್ಷೆ ಕಡ್ಡಾಯವಾಯಿತು. 1967ರ ಹೊತ್ತಿಗೆ ಮಿತಿ ಮೂರು ವರ್ಷಕ್ಕಿಳಿಯಿತು. ಇಂಥ ಎಷ್ಟೋ ಕಾರುಗಳು ಅಲ್ಲಿಗೆ ಮುಗಿದವು. ಜೊತೆಗೆ ಚಾಸಿ ಬೇರೆ, ಮೈ ಬೇರೆ ಎಂಬ ಕಾರುಗಳೇ ಕಾರ್ಖಾನೆಗಳಿಂದ ಮರೆಯಾಗತೊಡಗಿದವು. 1959ರ ಮಿನಿಯಲ್ಲಿ ಮೈಯೇ ಚಾಸಿ. ಕೊನೆಗೆ ಕೈಗೆ ಸಿಕ್ಕಿದ್ದು ಫೋಕ್ಸ್‌ವ್ಯಾಗನ್ ಬೀಟಲ್. ಅದರ ಮೈಯನ್ನು ಬೋಲ್ಟು ಬಿಚ್ಚಿ ಎತ್ತಿಡಬಹುದಿತ್ತು. ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಅವರ ಬೀಚ್ ಬಗ್ಗಿ, 1971ರ ನೋವಾ ಎಂಬ ಇಂಗ್ಲಿಷ್ ಕಿಟ್ ಕಾರು ಅದರ ಫಲ.

ನಿಜವಾದ ತಿರುವು 1998ರದ್ದು. ಮನೆಯಲ್ಲಿ ಕಟ್ಟಿದ ಪ್ರತಿ ಕಾರೂ ನೋಂದಣಿಗೆ ಮೊದಲು ಒಂಟಿ ವಾಹನದ ಅನುಮೋದನೆಯ ಪರೀಕ್ಷೆ ಪಾಸಾಗಬೇಕೆಂದಾಯಿತು. ಎಸ್‌ವಿಎ ಎಂಬ ಈ ಪರೀಕ್ಷೆ 2009ರಲ್ಲಿ ಇನ್ನಷ್ಟು ಬಿಗಿಯಾಗಿ ಐವಿಎ ಆಯಿತು. ಇದರಲ್ಲಿ ಸೀಟ್ ಬೆಲ್ಟಿನ ಹಿಡಿತದಿಂದ ಸ್ಪೀಡೋಮೀಟರಿನ ನಿಖರತೆಯವರೆಗೆ ಎಲ್ಲವನ್ನೂ ನೋಡುತ್ತಾರೆ. ಸೈಲೆನ್ಸರಿನ ಸದ್ದು 99 ಡೆಸಿಬಲ್ ಮೀರಬಾರದು. ತಿರುವಿನಲ್ಲಿ ಸ್ಟೀರಿಂಗ್ ಬಿಟ್ಟರೆ ಅದು ತಾನೇ ನೇರಕ್ಕೆ ಮರಳಬೇಕು; ಐನೂರು, ಆರುನೂರು ಕಿಲೋ ತೂಗುವ ಹಗುರ ಕಾರುಗಳು ಇಲ್ಲಿ ಎಡವುವುದುಂಟು. ಎಲ್ಲಕ್ಕಿಂತ ಹೆಚ್ಚು ಗೊಣಗಾಟಕ್ಕೆ ಗುರಿಯಾದದ್ದು ಹೊರಮೈಯ ಅಂಚುಗಳ ನಿಯಮ. 100 ಮಿಲಿಮೀಟರ್ ವ್ಯಾಸದ ಗೋಲ ಎಲ್ಲೆಲ್ಲಿ ತಾಗಬಲ್ಲದೋ ಅಲ್ಲೆಲ್ಲ ಅಂಚು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಚಕ್ರಗಳೂ ಸಸ್ಪೆನ್ಷನ್ನೂ ಬಯಲಲ್ಲೇ ನಿಂತಿರುವ ಸೆವೆನ್ ಮಾದರಿಯ ಕಾರಿನಲ್ಲಿ ಪ್ರತಿ ನಟ್ಟಿಗೂ ಪ್ಲಾಸ್ಟಿಕ್ ಟೋಪಿ ತೊಡಿಸಬೇಕಾಗುತ್ತದೆ.

ಇದೆಲ್ಲ ಬರಿಯ ನಾಟಕ ಎನ್ನುವವರ ಬಳಿ ಸಾಕ್ಷ್ಯವಿದೆ: ಪರೀಕ್ಷೆಯ ದಿನ ಅಂಟಿಸಿದ ರಬ್ಬರ್ ಪಟ್ಟಿಗಳನ್ನು ಮರುದಿನವೇ ಕಿತ್ತುಹಾಕುವವರಿದ್ದಾರೆ, ವಾರ್ಷಿಕ ತಪಾಸಣೆಯಲ್ಲಿ ಅವನ್ನು ಕೇಳುವವರಿಲ್ಲ. ದೂರು ನಿಜವೇ. ಆದರೆ ರಬ್ಬರ್ ಪಟ್ಟಿ ಕೀಳುವಾತ ಸೀಟ್ ಬೆಲ್ಟಿನ ಬಲಪಡಿಸಿದ ಆಧಾರವನ್ನು, ಸರಿಯಾಗಿ ಹಾಯಿಸಿದ ಬ್ರೇಕ್ ಪೈಪನ್ನು ಕೀಳುವುದಿಲ್ಲ. ಕಿಟ್ ಮಾರುವ ಸಂಸ್ಥೆಗಳಂತೂ ಪರೀಕ್ಷೆಯ ಕೈಪಿಡಿಯನ್ನು ಮುಂದಿಟ್ಟುಕೊಂಡೇ ನಕ್ಷೆ ಬರೆಯತೊಡಗಿದವು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಈ ಕಾರುಗಳಿಗೆ ಡಿಕ್ಕಿ ಪರೀಕ್ಷೆಯೇ ಇಲ್ಲವಲ್ಲ? ಇಲ್ಲ, ಇರಲೂ ಸಾಧ್ಯವಿಲ್ಲ. ಇರುವುದೇ ಒಂದು ಕಾರು. ಅದನ್ನು ಗೋಡೆಗೆ ಗುದ್ದಿದರೆ ನೋಂದಾಯಿಸಲು ಏನೂ ಉಳಿಯದು. ಹಾಗಾಗಿ ಇವು ಕಾರ್ಖಾನೆಯ ಕಾರಿನಷ್ಟು ಸುರಕ್ಷಿತ ಎಂದು ವಾದಿಸುವುದು ಅಪ್ರಾಮಾಣಿಕ. ಆದರೆ ಯಾವ ಅಪಾಯವನ್ನು ಎಷ್ಟು ಒಪ್ಪಬೇಕೆಂಬುದನ್ನು ಕಾನೂನು ವರ್ಗ ನೋಡಿಯೇ ತೀರ್ಮಾನಿಸುತ್ತದೆ. ಬೆಂಗಳೂರಿನಲ್ಲಿ ತಯಾರಾದ ರೇವಾ, ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ ಬೀದಿಗಳಲ್ಲಿ ಓಡಾಡಿದ್ದು ಕಾರಾಗಿ ಅಲ್ಲ, ಕ್ವಾಡ್ರಿಸೈಕಲ್ ಆಗಿ. ಕಾರಿನ ಡಿಕ್ಕಿ ನಿಯಮಗಳು ಅದಕ್ಕೆ ಅನ್ವಯಿಸಲಿಲ್ಲ.

ಪರೀಕ್ಷೆಯೇ ಉದ್ಯಮವನ್ನು ಕೊಂದಿತೆಂಬ ಮಾತು ಮಾತ್ರ ಪೂರ್ತಿ ನಿಲ್ಲುವುದಿಲ್ಲ. ಸಣ್ಣಪುಟ್ಟ ತಯಾರಕರು ಹಲವರು ಬಾಗಿಲು ಹಾಕಿದರು, ನಿಜ. ವೆಸ್ಟ್‌ಫೀಲ್ಡ್‌ನಂಥ ದೊಡ್ಡ ಹೆಸರೂ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ಆದರೆ ಕಾರಣ ಪರೀಕ್ಷೆಯೊಂದೇ ಅಲ್ಲ. ರಾನ್ ಚಾಂಪಿಯನ್ ಅವರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದದ್ದು 1996ರಲ್ಲಿ. ಅದಕ್ಕೆ ಬೇಕಿದ್ದ ಹಿಂಚಕ್ರ ಚಾಲನೆಯ ಫೋರ್ಡ್ ಎಸ್ಕಾರ್ಟ್‌ಗಳು ಆಮೇಲೆ ಗುಜರಿಯಲ್ಲೂ ಸಿಗದಾದವು, ಸಿಕ್ಕವು ಸಂಗ್ರಾಹಕರ ಪಾಲಾದವು. ಇತ್ತ ಹಳೆಯ ಮಾಜ್ಡಾ ಎಂಎಕ್ಸ್-5 ಅಗ್ಗಕ್ಕೆ ಸಿಗುವಾಗ ವರ್ಷಗಟ್ಟಲೆ ಶೆಡ್ಡಿನಲ್ಲಿ ಕೂರಲು ಎಷ್ಟು ಜನ ಸಿದ್ಧರಿದ್ದಾರು? ಅಷ್ಟೇ ಅಲ್ಲ, ಶೆಡ್ಡಿನ ಕಾರಿಗೆ ನೋಂದಣಿಯ ದಾರಿ ಕೊಡುವುದೂ ಈ ಪರೀಕ್ಷೆಯೇ. ಪರೀಕ್ಷೆಯ ಬಾಗಿಲೇ ಇಲ್ಲದ ಕಡೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಶೆಡ್ಡಿನ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಿ ನೋಂದಣಿ ಕೇಳುವ ಸುಲಭ ದಾರಿ ಇಲ್ಲಿಲ್ಲ.

ಬ್ರಿಟಿಷ್ ಪರೀಕ್ಷೆಯಲ್ಲಿ ನಿಜವಾಗಿಯೂ ತಿದ್ದಬೇಕಾದ ಅಂಶ ಅಂಚಿನ ತ್ರಿಜ್ಯವಲ್ಲ, ಹೊಗೆಯ ನಿಯಮ. ಅಲ್ಲಿ ಹೊಗೆಯ ಮಿತಿ ನಿಗದಿಯಾಗುವುದು ಎಂಜಿನ್ನಿನ ವಯಸ್ಸಿನ ಮೇಲೆ. ಎಂಜಿನ್ ಹಳೆಯದೆಂದು ದಾಖಲೆ ತೋರಿಸಿದರೆ ಮಿತಿ ಸಡಿಲ. ಹೀಗಾಗಿ ಹೊಸ ಚಾಸಿಯಲ್ಲಿ ಶುದ್ಧವಾದ ಹೊಸ ಎಂಜಿನ್ ಕೂರಿಸುವವನಿಗೆ ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರುಗಳ ತಲೆನೋವು. ಕಾರ್ಬ್ಯುರೇಟರಿನ ಹಳೆಯ ಎಂಜಿನ್ ಹುಡುಕಿ ತಂದವನಿಗೆ ಸಲೀಸು. ಹಿಂದೆ ತೆರಿಗೆ ಕಾನೂನು ಕಾರನ್ನು ಸರಳ ಮಾಡಿತು. ಇಂದಿನ ಈ ನಿಯಮ ಹವ್ಯಾಸಿಯನ್ನು ಹೆಚ್ಚು ಹೊಗೆಯುಗುಳುವ ಎಂಜಿನ್ನಿನತ್ತ ತಳ್ಳುತ್ತಿದೆ.