ಮರಿಯಂ ಬವಾರ್ದಿ: ಮಂಗಳೂರು ಮತ್ತು ಎರಡು ಗುಣಪವಾಡಗಳು

ಸಂತ ಮರಿಯಂ ಬವಾರ್ದಿ (1846–1878) ಕಾರ್ಮೆಲ್ ಸಭೆಯ ಧರ್ಮಭಗಿನಿ. ಮಠದ ಹೆಸರು ಶಿಲುಬೆಗೇರಿದ ಯೇಸುವಿನ ಮರಿಯ; ‘ಪುಟ್ಟ ಅರಬ್ಬಿ’ ಎಂದೇ ಪ್ರಸಿದ್ಧಿ. ವ್ರತ ಸ್ವೀಕರಿಸಿದ್ದು ಮಂಗಳೂರಿನಲ್ಲಿ. ಇವರ ಹೆಸರಿನೊಡನೆ ಹೇಳುವ ಎರಡು ಗುಣಪವಾಡಗಳನ್ನು ಜನಪ್ರಿಯ ಬರಹಗಳು ಆಗಾಗ ಒಂದು ಮಾಡಿಬಿಡುತ್ತವೆ.

ಮೊದಲನೆಯದು ಅವರಿಗೇ ಆದದ್ದು. ಗಲಿಲಾಯದ ಇಬಿಲ್ಲಿನ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ತಬ್ಬಲಿಯಾದ ಮರಿಯಂ ಚಿಕ್ಕಪ್ಪನ ಜೊತೆ ಅಲೆಕ್ಸಾಂಡ್ರಿಯಕ್ಕೆ ಹೋದರು. 1858ರಲ್ಲಿ ಮತಾಂತರಕ್ಕೆ ಒಪ್ಪದ ಆಕೆಯ ಕುತ್ತಿಗೆಯನ್ನು ಒಬ್ಬ ಸೇವಕ ಕೊಯ್ದು, ಸತ್ತಳೆಂದು ಬೀದಿಗೆಸೆದ. ನೀಲಿ ಉಡುಪಿನ ಹೆಂಗಸೊಬ್ಬಳು ಗಾಯಕ್ಕೆ ಹೊಲಿಗೆ ಹಾಕಿ ಆರೈಕೆ ಮಾಡಿದಳೆಂಬುದು ಮರಿಯಂ ಹೇಳಿದ ವೃತ್ತಾಂತ. ಆಕೆ ಮೇರಿ ಮಾತೆ ಎಂದು ಅವರು ನಂಬಿದ್ದರು. ಘಟನೆಗೆ ಅವರ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ಕಲೆಯಂತೂ ಇತ್ತು: 10 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ. ದನಿ ಕೊನೆತನಕ ಗೊಗ್ಗರಾಗಿಯೇ ಉಳಿಯಿತು.

1867ರಲ್ಲಿ ಮರಿಯಂ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠ ಸೇರಿದರು. ಮಂಗಳೂರಿನ ಬಿಷಪ್ ಮರಿ ಎಫ್ರೆಮ್ ಅವರ ಕರೆಯಂತೆ 1870ರ ಆಗಸ್ಟ್‌ನಲ್ಲಿ ಅಲ್ಲಿಗೆ ಹೊರಟ ತಂಡದಲ್ಲಿ ಇವರೂ ಇದ್ದರು. ಊರು ಮುಟ್ಟುವ ಮೊದಲೇ ಮೂವರು ಭಗಿನಿಯರು ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಮರಿಯಂ ಅವರ ವ್ರತಸ್ವೀಕಾರ ನಡೆಯಿತು.

ಮುಂದಿನ ತಿಂಗಳುಗಳದ್ದೇ ತಕರಾರು. ಓದುಬರಹ ಬಾರದ ಮರಿಯಂ ಅಡುಗೆಮನೆಯ ಕೆಲಸದ ನಡುವೆಯೇ ಭಾವಸಮಾಧಿಗೆ ಹೋಗುತ್ತಿದ್ದರು. ಪೋದಲ್ಲಿ ದೇವರ ವರವೆಂದು ಕಂಡದ್ದು ಮಂಗಳೂರಿನಲ್ಲಿ ಸೈತಾನನ ಆಟವಾಗಿ ಕಂಡಿತು. ಬಿಷಪರಿಗೂ ಮಠದ ಹಿರಿಯರಿಗೂ ಅನುಮಾನ ಬಲಿತು, 1872ರಲ್ಲಿ ಅವರನ್ನು ಪೋಗೆ ವಾಪಸು ಕಳಿಸಲಾಯಿತು. ಭಕ್ತಿಸಾಹಿತ್ಯ ಈ ಪ್ರಸಂಗವನ್ನು ಒಂದೆರಡು ಸಾಲಿನಲ್ಲಿ ಮುಗಿಸುವುದು ಸರಿಯಲ್ಲ. ಅವರ ಅನುಭವಗಳನ್ನು ಚರ್ಚಿನೊಳಗಿನವರೇ ಕಟುವಾಗಿ ಪ್ರಶ್ನಿಸಿದ್ದು ಇಲ್ಲಿಯೇ.

1875ರಲ್ಲಿ ಬೆತ್ಲೆಹೇಮಿಗೆ ತೆರಳಿ ಅಲ್ಲಿ ಕಾರ್ಮೆಲ್ ಮಠ ಕಟ್ಟಿಸಿದರು. 1878ರ ಆಗಸ್ಟ್ 26ರಂದು ಅಲ್ಲೇ ನಿಧನರಾದರು. 1983ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಪುನೀತೆ ಎಂದು ಘೋಷಿಸಿದರು.

ಎರಡನೆಯ ಗುಣಪವಾಡ ಮರಿಯಂ ಅವರ ಮಧ್ಯಸ್ಥಿಕೆಯಿಂದ ಆದದ್ದೆಂದು ಚರ್ಚ್ ಒಪ್ಪಿರುವಂಥದು. 2009ರಲ್ಲಿ ಸಿಸಿಲಿಯಲ್ಲಿ ಹೃದಯದ ಗಂಭೀರ ದೋಷದೊಂದಿಗೆ ಹುಟ್ಟಿದ ಶಿಶು, ಮನೆಯವರು ಮರಿಯಂ ಅವರನ್ನು ಪ್ರಾರ್ಥಿಸಿದ ಬಳಿಕ ಗುಣವಾಯಿತೆಂಬುದು ಪ್ರಕರಣ. ಇಂಥವನ್ನು ಮೊದಲು ವೈದ್ಯರ ಮಂಡಳಿ, ನಂತರ ದೇವಶಾಸ್ತ್ರಜ್ಞರು ಪರಿಶೀಲಿಸುತ್ತಾರೆ. 2014ರ ಡಿಸೆಂಬರ್ 6ರಂದು ಪೋಪ್ ಫ್ರಾನ್ಸಿಸ್ ಅನುಮೋದಿಸಿ, 2015ರ ಮೇ 17ರಂದು ರೋಮಿನಲ್ಲಿ ಸಂತ ಪದವಿ ನೀಡಿದರು.

ಸಂತ ಪದವಿಗೆ ಆಧಾರವಾದ ಗುಣಪವಾಡ ಸಿಸಿಲಿಯದು. ಅದನ್ನು ಮಂಗಳೂರಿಗೋ 1858ಕ್ಕೋ ಸೇರಿಸಿ ಬರೆಯುವುದು ತಪ್ಪು.