ಗೋಧಿ ಬಣ್ಣದ ಚರ್ಮಕ್ಕೂ ಕ್ಯಾನ್ಸರ್ ಬರಬಹುದು: ಬಿಸಿಲಿನಿಂದ ರಕ್ಷಣೆ ಹೇಗೆ? ಅಂಗಾಲನ್ನೂ ಏಕೆ ನೋಡಿಕೊಳ್ಳಬೇಕು?

"ನಾವೇನು ಬಿಳಿಯರೇ? ನಮಗೆಲ್ಲಿ ಚರ್ಮದ ಕ್ಯಾನ್ಸರ್ ಬರುತ್ತೆ?" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಇದು ಅರ್ಧ ಸತ್ಯ. ಬಿಳಿ ಚರ್ಮದವರಿಗೆ ಹೋಲಿಸಿದರೆ ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಆದರೆ ಬಂದಾಗ ಪತ್ತೆಯಾಗುವುದು ಹೆಚ್ಚಾಗಿ ತಡವಾಗಿ. ನಮಗೆ ಬರುವುದೇ ಇಲ್ಲ ಎಂಬ ನಂಬಿಕೆಯೂ ಇದಕ್ಕೆ ಒಂದು ಕಾರಣ.

ಮೆಲನಿನ್ ಎಷ್ಟು ಕಾಪಾಡುತ್ತದೆ?

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ಸೂರ್ಯನ ನೇರಳಾತೀತ (ಯುವಿ) ಕಿರಣಗಳನ್ನು ಹೀರಿಕೊಂಡು ಜೀವಕೋಶಗಳನ್ನು ರಕ್ಷಿಸುತ್ತದೆ. ತೀರಾ ಕಪ್ಪು ಚರ್ಮದ ಸಹಜ ರಕ್ಷಣೆಯನ್ನು ಸುಮಾರು ಎಸ್‌ಪಿಎಫ್ 13ಕ್ಕೆ ಸಮ ಎಂದು ಅಂದಾಜಿಸಲಾಗಿದೆ. ಗೋಧಿ ಬಣ್ಣಕ್ಕೆ ಅದಕ್ಕಿಂತ ಕಡಿಮೆ. ಅಂದರೆ ಮೆಲನಿನ್ ಒಂದು ಕೊಡೆ ಇದ್ದಂತೆ, ಗೋಡೆಯಲ್ಲ.

ಯುವಿಬಿ ಕಿರಣ ಚರ್ಮವನ್ನು ಸುಡುತ್ತದೆ. ಯುವಿಎ ಇನ್ನೂ ಆಳಕ್ಕಿಳಿದು ಸುಕ್ಕು, ಕಲೆಗಳಿಗೆ ಕಾರಣವಾಗುತ್ತದೆ. ಎರಡೂ ಜೀವಕೋಶದ ಡಿಎನ್‌ಎಗೆ ಹಾನಿ ಮಾಡುತ್ತವೆ. ಬಿಸಿಲಿಗೆ ಚರ್ಮ ಕಪ್ಪಾಗುವುದು ಕೇವಲ ಅಂದದ ವಿಷಯವಲ್ಲ, ಹಾನಿಗೆ ಚರ್ಮ ತೋರುವ ಪ್ರತಿಕ್ರಿಯೆ.

ಬಿಸಿ ಬೇರೆ, ಯುವಿ ಬೇರೆ

ಗಾಳಿ ತಂಪಾಗಿದ್ದರೆ ಬಿಸಿಲು ಸುರಕ್ಷಿತ ಎಂದುಕೊಳ್ಳುವುದು ತಪ್ಪು. ಯುವಿ ಪ್ರಮಾಣ ತಾಪಮಾನವನ್ನಲ್ಲ, ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂಬುದನ್ನು ಅವಲಂಬಿಸಿದೆ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 1,000 ಮೀಟರ್‌ಗೆ ಅದು ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಶೇ. 80ರವರೆಗೆ ಯುವಿಯನ್ನು ಪ್ರತಿಫಲಿಸಬಲ್ಲದು. ಹಾಗಾಗಿ ದೆಹಲಿಯಿಂದ ಮನಾಲಿಗೆ ಪ್ರವಾಸ ಹೋದವರ ಮುಖ ಚಳಿಯಲ್ಲೂ ಸುಟ್ಟಂತಾಗುತ್ತದೆ.

ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ ನೋಡಿ. ಅದು 3 ಅಥವಾ ಹೆಚ್ಚಿದ್ದರೆ ರಕ್ಷಣೆ ಬೇಕು. 8 ದಾಟಿದರೆ ಮಧ್ಯಾಹ್ನ ಹೊರಗೆ ಹೋಗುವುದನ್ನು ಆದಷ್ಟು ತಪ್ಪಿಸಿ. ಚೆನ್ನೈ, ಹೈದರಾಬಾದ್‌ನಂಥ ನಗರಗಳಲ್ಲಿ ಬೇಸಿಗೆಯ ನಡುಮಧ್ಯಾಹ್ನ ಇದು 11 ಮುಟ್ಟುವುದುಂಟು. ಆ್ಯಪ್ ಇಲ್ಲವೇ? ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಎಂದರ್ಥ.

ರಕ್ಷಣೆ ಹೇಗೆ?

* ಮೊದಲ ರಕ್ಷಣೆ ಬಟ್ಟೆ. ಒತ್ತಾಗಿ ನೇಯ್ದ ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕೊಡೆ ಬಳಸಿ. ಕ್ಯಾಪ್ ಹಾಕಿದರೆ ಕಿವಿ, ಕತ್ತು ಬಿಸಿಲಿಗೇ ಉಳಿಯುತ್ತವೆ.
* ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿರಲಿ. ಎಸ್‌ಪಿಎಫ್ 30 ಯುವಿಬಿಯ ಸುಮಾರು ಶೇ. 97ರಷ್ಟನ್ನು ತಡೆದರೆ, 50 ತಡೆಯುವುದು ಶೇ. 98ರಷ್ಟು. ಎಸ್‌ಪಿಎಫ್ ಮುಖ್ಯವಾಗಿ ಯುವಿಬಿಯ ಲೆಕ್ಕ. ಯುವಿಎ ರಕ್ಷಣೆಗೆ 'ಬ್ರಾಡ್ ಸ್ಪೆಕ್ಟ್ರಮ್' ಅಥವಾ 'ಪಿಎ+++' ಗುರುತು ನೋಡಿ.
* ಮುಖ ಮತ್ತು ಕತ್ತಿಗೆ ಸುಮಾರು ಒಂದು ಟೀ ಚಮಚ ಬೇಕು. ಹೊರಡುವ 15-20 ನಿಮಿಷ ಮೊದಲೇ ಹಚ್ಚಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವತ ಮೇಲೆ ಅಥವಾ ಈಜಿದ ಮೇಲೆ ಮತ್ತೆ ಹಚ್ಚಿ.
* ಕಾರಿನ ಪಕ್ಕದ ಗಾಜು ಯುವಿಬಿಯನ್ನು ಬಹುತೇಕ ತಡೆಯುತ್ತದೆ, ಯುವಿಎಯನ್ನು ಪೂರ್ತಿ ತಡೆಯುವುದಿಲ್ಲ. ದಿನವಿಡೀ ವಾಹನ ಓಡಿಸುವವರು ಇದನ್ನು ಗಮನಿಸಬೇಕು.

ಸನ್‌ಸ್ಕ್ರೀನ್ ಬೆಳ್ಳಗಾಗಿಸುವ ಕ್ರೀಮ್ ಅಲ್ಲ. ಆ ನಿರೀಕ್ಷೆ ಇಟ್ಟುಕೊಂಡವರು ನಾಲ್ಕು ದಿನ ಹಚ್ಚಿ ಬಿಟ್ಟುಬಿಡುತ್ತಾರೆ.

ಬಿಸಿಲು ಬೀಳದ ಜಾಗದಲ್ಲೂ ಕ್ಯಾನ್ಸರ್

ಸನ್‌ಸ್ಕ್ರೀನ್ ಹಚ್ಚಿದರೆ ಎಲ್ಲ ಮುಗಿಯಲಿಲ್ಲ. ಚರ್ಮದ ಕ್ಯಾನ್ಸರ್‌ಗಳಲ್ಲಿ ಅತ್ಯಂತ ಅಪಾಯಕಾರಿಯಾದ ಮೆಲನೋಮ, ಕಂದು ಮತ್ತು ಕಪ್ಪು ಚರ್ಮದವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ. ಇದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಹಾಗಾಗಿ ಇಲ್ಲಿ ನಮ್ಮನ್ನು ಕಾಪಾಡುವುದು ಕ್ರೀಮ್ ಅಲ್ಲ, ಕಣ್ಣು.

ಜಮೈಕಾದ ಗಾಯಕ ಬಾಬ್ ಮಾರ್ಲಿ ಇದಕ್ಕೆ ಉದಾಹರಣೆ. 1977ರಲ್ಲಿ ಅವರ ಕಾಲ್ಬೆರಳಿನ ಉಗುರಿನಡಿ ಮೆಲನೋಮ ಪತ್ತೆಯಾಯಿತು. ಮೊದಲು ಅದನ್ನು ಫುಟ್‌ಬಾಲ್ ಆಡುವಾಗ ಆದ ಗಾಯ ಎಂದೇ ಭಾವಿಸಲಾಗಿತ್ತು. ಕ್ಯಾನ್ಸರ್ ದೇಹವೆಲ್ಲ ಹರಡಿ 1981ರಲ್ಲಿ, 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹಳೆಯ ಸುಟ್ಟಗಾಯದ ಕಲೆಯಲ್ಲೂ ವರ್ಷಗಳ ನಂತರ ಕ್ಯಾನ್ಸರ್ ಹುಟ್ಟಬಹುದು. ಕಾಶ್ಮೀರದಲ್ಲಿ ಚಳಿಗೆ ಮೈಗೆ ಹತ್ತಿರ ಇಟ್ಟುಕೊಳ್ಳುವ ಕೆಂಡದ ಮಡಕೆ 'ಕಾಂಗ್ಡಿ'ಯ ಶಾಖದಿಂದ ತೊಡೆ, ಹೊಟ್ಟೆಯ ಚರ್ಮಕ್ಕೆ ಬರುವ ಕ್ಯಾನ್ಸರ್‌ಗೆ 'ಕಾಂಗ್ಡಿ ಕ್ಯಾನ್ಸರ್' ಎಂದೇ ಹೆಸರಿದೆ.

ವೈದ್ಯರ ಬಳಿ ಯಾವಾಗ ಹೋಗಬೇಕು?

ತಿಂಗಳಿಗೊಮ್ಮೆ ಸ್ನಾನದ ನಂತರ ಕನ್ನಡಿ ಮುಂದೆ ಮೈಯನ್ನು ನೋಡಿಕೊಳ್ಳಿ. ಬೆನ್ನು ನೋಡಲು ಮನೆಯವರ ಸಹಾಯ ಪಡೆಯಿರಿ. ಈ ಲಕ್ಷಣಗಳಿದ್ದರೆ ಚರ್ಮರೋಗ ತಜ್ಞರನ್ನು ಕಾಣಿ:

* ಎರಡು ಅರ್ಧಗಳು ಒಂದೇ ರೀತಿ ಇಲ್ಲದ, ಅಂಚು ಒರಟಾದ, ಹಲವು ಬಣ್ಣಗಳಿರುವ ಮಚ್ಚೆ
* 6 ಮಿಲಿಮೀಟರ್‌ಗಿಂತ ದೊಡ್ಡದಾದ ಅಥವಾ ದಿನೇ ದಿನೇ ಬದಲಾಗುತ್ತಿರುವ ಮಚ್ಚೆ
* ಪೆಟ್ಟು ಬೀಳದಿದ್ದರೂ ಒಂದೇ ಉಗುರಿನಲ್ಲಿ ಕಾಣಿಸಿಕೊಂಡು ಅಗಲವಾಗುತ್ತಿರುವ ಕಪ್ಪು ಗೆರೆ
* ನಾಲ್ಕು ವಾರವಾದರೂ ಮಾಯದ ಹುಣ್ಣು, ಪದೇ ಪದೇ ರಕ್ತ ಒಸರುವ ಗಂಟು

ತೊನ್ನು ಅಥವಾ ಆಲ್ಬಿನಿಸಂ ಇರುವವರ ಬಿಳಿ ಚರ್ಮಕ್ಕೆ ಮೆಲನಿನ್ ರಕ್ಷಣೆ ಇಲ್ಲ. ಅದು ಬೇಗ ಸುಡುತ್ತದೆ. ಆಲ್ಬಿನಿಸಂ ಇರುವವರಿಗೆ ಮತ್ತು ಅಂಗಾಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಹೆಚ್ಚು. ಇವರು ನಿಯಮಿತವಾಗಿ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಆರಂಭದಲ್ಲೇ ಪತ್ತೆಯಾದರೆ ಚರ್ಮದ ಬಹುತೇಕ ಕ್ಯಾನ್ಸರ್‌ಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಗುಣಪಡಿಸಬಹುದು. ಮಚ್ಚೆಯನ್ನು ಕೆರೆಯುವುದು, ಸುಣ್ಣ ಹಚ್ಚುವುದು, ಪಾರ್ಲರ್‌ನಲ್ಲಿ ಸುಡಿಸುವುದು ಬೇಡ. ಹಾಗೆ ಮಾಡಿದರೆ ಕಾಯಿಲೆ ಮರೆಯಾಗಿ ಅಮೂಲ್ಯ ಸಮಯ ಕಳೆದುಹೋಗುತ್ತದೆ.